ಕಾಣೆಯಾದ ಗುಳ್ಳೆಗಳು

ಕಂಪ್ಯೂಟರಿನಲ್ಲಿ ರಕ್ತ ಹರಿಸಿ ನೋಡುವುದು ಅವಳ ಕೆಲಸ. ಡಯಾಲಿಸಿಸ್ ಯಂತ್ರದ ಕೊಳವೆಯೊಳಗೆ ಗಾಳಿಗುಳ್ಳೆ ಸೇರಿದರೆ, ಗಾಳಿಗೂ ರಕ್ತಕ್ಕೂ ನಡುವಿನ ಗಡಿ ಹೇಗೆ ಬಾಗುತ್ತದೆ, ಗುಳ್ಳೆ ಎತ್ತ ಸಾಗುತ್ತದೆ ಎಂದು ಕ್ಷಣಕ್ಷಣಕ್ಕೂ ಲೆಕ್ಕ ಹಾಕುತ್ತಿದ್ದಳು. ಗುಳ್ಳೆ ರೋಗಿಯ ಮೈ ಸೇರಿದರೆ ಪ್ರಾಣಕ್ಕೇ ಕುತ್ತು. ಅದನ್ನು ತಡೆಯಲು ಕೊಳವೆಯ ನಡುವೆ ಪುಟ್ಟದೊಂದು ಗೂಡಿತ್ತು. ಗುಳ್ಳೆಗಳು ಅಲ್ಲಿ ಮೇಲೇರಿ ನಿಲ್ಲಬೇಕು. ‘ಯಾವ ಗುಳ್ಳೆಯೂ ದಾಟುವುದಿಲ್ಲ’ ಎಂದು ಅವಳೇ ವರದಿ ಬರೆದು ಸಹಿ ಹಾಕಿದ್ದಳು.

ಗುರುವಾರ ಬೆಳಿಗ್ಗೆ ನರ್ಸ್ ಆಗಿದ್ದ ನಾದಿನಿ ಫೋನ್ ಮಾಡಿದಳು. “ಅತ್ತಿಗೆ, ನಿಮ್ಮ ಮಿಷನ್ನು ಸೋಮವಾರ ನಮ್ಮ ವಾರ್ಡಿಗೇ ಬರತ್ತಂತೆ!”

ಖುಷಿಗೆ ಅವಳು ಲೆಕ್ಕದಿಂದ ಮೂಡಿದ್ದ ಹಳೆಯ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಮತ್ತೆ ತೆರೆದಳು. ಗೂಡಿನ ಚಿತ್ರವನ್ನು ದೊಡ್ಡದು ಮಾಡಿ ನೋಡಿದಳು. ಗುಳ್ಳೆಗಳು ಸಿಕ್ಕಿಬಿದ್ದಿದ್ದರೆ ಗೂಡಿನ ಮೇಲ್ಭಾಗದಲ್ಲಿ ಗಾಳಿ ಇರಬೇಕಲ್ಲ? ಒಂದಿಷ್ಟಿತ್ತು, ಸಾಲದು. ಒಳಗೆ ಬಂದ ಗಾಳಿಯಲ್ಲಿ ಮೂರನೇ ಒಂದು ಪಾಲು ಎಲ್ಲಿಯೂ ಇರಲಿಲ್ಲ. ಲೆಕ್ಕದ ಹೆಜ್ಜೆಹೆಜ್ಜೆಗೂ ಕಂಪ್ಯೂಟರು ಗಡಿಯನ್ನು ನುಣುಪು ಮಾಡುವಾಗ ಸಣ್ಣ ಗುಳ್ಳೆಗಳು ಸವೆದೇಹೋಗಿದ್ದವು. ಮಧ್ಯಾಹ್ನ ಊಟ ಅರ್ಧಕ್ಕೇ ಬಿಟ್ಟೆದ್ದಳು. ಕೈ ತೊಳೆದು ನೇರ ಮುಖ್ಯಸ್ಥರ ಕೋಣೆಗೆ ಹೋದಳು.

“ಸರ್, ಗುಳ್ಳೆಗಳನ್ನ ಗೂಡು ಹಿಡಿದಿಲ್ಲ. ನನ್ನ ಲೆಕ್ಕ ನುಂಗಿಬಿಟ್ಟಿದೆ.”

“ಲೆಕ್ಕಕ್ಕೆ ಹೊಟ್ಟೆ ಬೇರೆ ಇದೆಯೇನಮ್ಮ? ಸಹಿ ಹಾಕಿದ್ದು ಯಾರು?”

“ನಾನೇ. ಅದಕ್ಕೇ ಬಂದೆ.”

ಮಾರನೆಯ ದಿನ ಪ್ರಯೋಗಶಾಲೆಯ ಹಿರಿಯ ಕುಶಲಕರ್ಮಿ, ಎಲ್ಲರೂ ತಾತ ಎನ್ನುತ್ತಿದ್ದವರು, ನಿಜವಾದ ಗೂಡಿಗೆ ಕೆಂಪು ದ್ರವ ಹರಿಸಿ ಸಿರಿಂಜಿನಿಂದ ಗುಳ್ಳೆ ಬಿಟ್ಟರು. ನಾಲ್ಕು ಸಲ ಒಂದೂ ದಾಟಲಿಲ್ಲ. ಮುಖ್ಯಸ್ಥರು ಗಡಿಯಾರ ನೋಡಿದರು. ಅವಳು ಗೂಡಿನ ಹತ್ತಿರ ಬಾಗಿ ನೋಡಿದಳು. ಸುಮ್ಮನೆ ಊರೆಲ್ಲ ಗದ್ದಲ ಎಬ್ಬಿಸಿದೆನೇ?

“ಇನ್ನೂ ಸಣ್ಣದು ಬಿಡಿ ತಾತ,” ಎಂದಳು.

ಸಾಸಿವೆಗಿಂತ ಚಿಕ್ಕ ಗುಳ್ಳೆಗಳು ಮೇಲೇರಲೇ ಇಲ್ಲ. ಹರಿವಿನ ಬೆನ್ನೇರಿ ಹೊರಗೆ ಜಾರಿದವು.

“ಹೋದ್ವಲ್ಲ ತಾಯಿ,” ಎಂದರು ತಾತ.

ಅವಳಿಗೆ ಭಯವೂ ಆಯಿತು, ಜೊತೆಗೇ ಹಗುರವೂ ಆಯಿತು. ಹಗುರವಾದದ್ದಕ್ಕೆ ನಾಚಿಕೆಯೆನಿಸಿತು.

ಯಂತ್ರಗಳು ಕಾರ್ಖಾನೆಯಲ್ಲೇ ನಿಂತವು. ಆ ವರ್ಷದ ಬಡ್ತಿ ಅವಳ ಕೈತಪ್ಪಿತು. ಗಾಳಿಯ ಮೊತ್ತವನ್ನು ಪ್ರತಿ ಹೆಜ್ಜೆಗೂ ಪರೀಕ್ಷಿಸುವಂತೆ ಲೆಕ್ಕವನ್ನು ತಿದ್ದಿ, ಅಗಲವಾದ ಹೊಸ ಗೂಡು ರೂಪಿಸುವಷ್ಟರಲ್ಲಿ ಐದು ತಿಂಗಳು ಕಳೆದವು.

ಮೊದಲ ರೋಗಿಗೆ ಯಂತ್ರ ಜೋಡಿಸಿದ ದಿನ ಅವಳು ರಜೆ ಹಾಕಿ ಬೀದಿಯಲ್ಲಿ ಅತ್ತಿಂದಿತ್ತ ಓಡಾಡಿದಳು. ನಾಲ್ಕು ತಾಸು ಕಳೆದ ಮೇಲೆ ನಾದಿನಿಯ ಸಂದೇಶ ಬಂತು: ‘ಮುಗೀತು ಅತ್ತಿಗೆ. ಅವರು ನಡ್ಕೊಂಡೇ ಮನೆಗೆ ಹೋದ್ರು.’

ಹತ್ತಿರವಿದ್ದ ಅಂಗಡಿಯ ಮೆಟ್ಟಿಲ ಮೇಲೆ ಕುಕ್ಕರಿಸಿದಳು.