ಬೋಟು ಬಾಗಿಲಿನ ಬೀಗದ ಕೈ

ಕಳೆದ ವಾರ ಕೋಲಾರದಲ್ಲಿ ಬೀಗದ ಕೈ ಮಾಡುವವನ ಗಾಡಿಯ ಮುಂದೆ ನಿಂತು, ಎರಡು ತುಂಡಾಗಿದ್ದ ಒಂದು ದಪ್ಪ ಹಿತ್ತಾಳೆ ಕೀಯನ್ನು ಅವನ ಕೈಗೆ ಕೊಟ್ಟೆ. ಅವನು ತುಂಡುಗಳನ್ನು ಜೋಡಿಸಿ ನೋಡಿ, "ಯಾವ ಗಾಡೀದು ಸಾರ್?" ಅಂದ. "ಗಾಡೀದಲ್ಲಪ್ಪ, ಬೋಟಿಂದು" ಅಂದೆ. ಅವನು ನನ್ನನ್ನು ತಲೆಯಿಂದ ಕಾಲಿನವರೆಗೆ ಒಂದು ಸಲ ನೋಡಿದ. ಕೋಲಾರದ ಬಿಸಿಲಿನಲ್ಲಿ ನಿಂತು ಬೋಟಿನ ಕೀ ಕೇಳುವವನನ್ನು ಇನ್ನು ಹೇಗೆ ನೋಡಬೇಕು, ನೀವೇ ಹೇಳಿ. ಆಮೇಲೆ ಅವನು ಹಿತ್ತಾಳೆಗೆ ಅರ ಹಾಕಿ ಉಜ್ಜತೊಡಗಿದ. ಪಕ್ಕದ ತಳ್ಳುಗಾಡಿಯಲ್ಲಿ ಮಾವಿನ ಹಣ್ಣಿತ್ತು. ಆ ಎರಡು ವಾಸನೆಗಳೂ ಸೇರಿ ಮೂಗಿಗೆ ಬಡಿದದ್ದೇ ತಡ, ಹಳೆಯದೆಲ್ಲ ನೆನಪಾಗಿ ಒಬ್ಬನೇ ನಗುತ್ತಾ ನಿಂತೆ. ಅವನಿಗೆ ನನ್ನ ಮೇಲಿದ್ದ ಅನುಮಾನ ಗಟ್ಟಿಯಾಗಿರಬೇಕು.

ರಾಯಲ್ಪಾಡಿನ ಹತ್ತಿರ ನಮ್ಮ ಚಿಕ್ಕಪ್ಪನ ಮಾವಿನ ತೋಪಿದೆ. ಹಿಂದೊಮ್ಮೆ ಮದ್ರಾಸಿಗೆ ಹಣ್ಣಿನ ಲೋಡು ಹಾಕಿಕೊಂಡು ಹೋಗಿದ್ದವರು ಬರುವಾಗ ಖಾಲಿ ಲಾರಿಯಲ್ಲಿ ಒಂದು ಬಾಗಿಲು ತಂದರು. ಹಾರ್ಬರ್ ಹತ್ತಿರ ಹಳೇ ಬೋಟುಗಳನ್ನು ಒಡೆಯುವ ಗುಜರಿಯಲ್ಲಿ ಸಿಕ್ಕಿತಂತೆ. ತೇಗದ ಮರ, ನಡುವೆ ದುಂಡನೆಯ ಗಾಜಿನ ಕಿಟಕಿ, ಹಿತ್ತಾಳೆಯ ಬೀಗ, ಹಿತ್ತಾಳೆಯದೇ ಕೀಲುಗಳು. ಅದನ್ನು ಹಣ್ಣಿನ ಕೋಣೆಗೆ, ಅಂದರೆ ಹುಲ್ಲು ಹಾಸಿ ಮಾವಿನಕಾಯಿ ಹಣ್ಣಿಗಿಡುವ ಕೋಣೆಗೆ ಕೂರಿಸಿದರು. ಬೋಟಿನ ಬಾಗಿಲು ಗಿಡ್ಡ. ಅದಕ್ಕಾಗಿ ಗೋಡೆಯಲ್ಲಿ ಬಾಗಿಲ ಜಾಗವನ್ನೂ ಗಿಡ್ಡ ಮಾಡಿಸಿದರು, ಹೊಸ್ತಿಲನ್ನು ಮೊಣಕಾಲೆತ್ತರ ಕಟ್ಟಿಸಿದರು. ಆ ಮನೆಗೆ ಹೋದವರೆಲ್ಲ ಹಣೆಯೋ ಕಾಲ್ಬೆರಳೋ ಒಂದನ್ನು ಅಲ್ಲಿ ಜಜ್ಜಿಸಿಕೊಂಡೇ ಬಂದಿದ್ದಾರೆ. ನಾನು ಎರಡನ್ನೂ ಜಜ್ಜಿಸಿಕೊಂಡಿದ್ದೇನೆ.

"ಮಳೆ ಬಂದ್ರೆ ನಿಮ್ಮನೆ ತೇಲುತ್ತೆ ಬಿಡಣ್ಣ" ಎಂದು ಊರಿನವರು ಛೇಡಿಸುತ್ತಿದ್ದರು. ಚಿಕ್ಕಪ್ಪನಿಗೆ ಅದೆಲ್ಲ ಲೆಕ್ಕಕ್ಕೇ ಇಲ್ಲ. "ಸಮುದ್ರಾನೇ ತಡೆದಿರೋ ಬಾಗಿಲು ಕಣೋ ಇದು" ಎಂದು ನನ್ನ ಬೆನ್ನಿಗೆ ಗುದ್ದುತ್ತಿದ್ದರು. ಅದರ ಒಂದೇ ಒಂದು ಕೀ ಅವರ ಉಡಿದಾರದಲ್ಲಿ ಇರುತ್ತಿತ್ತು. ಹಣ್ಣು ಬೇಕೆಂದರೆ ಅವರನ್ನೇ ಕೇಳಬೇಕು. ಅವರು ಕೀ ಹಿಡಿದು ಬಗ್ಗಿ ಒಳಗೆ ಹೋಗಿ, ಮೂಸಿ ನೋಡಿ, "ಇನ್ನೂ ಎರಡು ದಿನ ಬೇಕು" ಎಂದು ಬರಿಗೈಯಲ್ಲಿ ಹೊರಗೆ ಬರುತ್ತಿದ್ದರು. ಆ ಕೀ ಅವರ ಸೊಂಟದಲ್ಲಿ ಇಲ್ಲದ ಹೊತ್ತು ನೋಡಿದವರಿಲ್ಲ.

ಅಂಥ ಕೀ ಒಂದು ಬೇಸಿಗೆಯಲ್ಲಿ ಕಳೆದುಹೋಯಿತು. ಹಣ್ಣಿನ ಮಂಡಿಯಲ್ಲಿ ಕ್ರೇಟುಗಳನ್ನು ಎತ್ತಿಳಿಸುವಾಗ ಉಡಿದಾರ ಕಿತ್ತುಹೋಗಿತ್ತು. ಕೀ ಯಾವ ಲೋಡಿನ ಜೊತೆ ಯಾವ ಊರಿಗೆ ಹೋಯಿತೋ ದೇವರೇ ಬಲ್ಲ. ಆ ಹೊತ್ತಿಗೆ ಸರಿಯಾಗಿ ನಾನು ರಜೆಗೆಂದು ಹೋಗಿ ಸಿಕ್ಕಿಹಾಕಿಕೊಂಡೆ. ಆಗಷ್ಟೇ ಮದುವೆಯಾಗಿದ್ದ ಚಿಕ್ಕಪ್ಪನ ಮಗಳ ಅತ್ತೆ ಮನೆಯವರು ಮಾರನೆಯ ದಿನ ಮೊದಲ ಸಲ ಬರುವವರಿದ್ದರು. ಅವರಿಗೆಂದೇ ಆರಿಸಿಟ್ಟ ಬಾದಾಮಿ ಮಾವಿನ ಹಣ್ಣು ಒಳಗೆ ಹದಕ್ಕೆ ಬಂದು, ಕೀ ತೂತಿನಿಂದ ಘಮಘಮ ಅನ್ನುತ್ತಿತ್ತು. ಇನ್ನೊಂದು ದಿನ ಹಾಗೇ ಬಿಟ್ಟರೆ ಕೊಳೆಯುವುದು ಗ್ಯಾರಂಟಿ. ತೋಪಿನ ಯಜಮಾನ ಹೊಸ ನೆಂಟರ ಮುಂದೆ ಅಂಗಡಿ ಹಣ್ಣು ಇಟ್ಟರೆ ಮರ್ಯಾದೆ ಉಳಿಯುತ್ತದೆಯೇ?

ಶ್ರೀನಿವಾಸಪುರದಿಂದ ಕೀ ಮಾಡುವವನನ್ನು ಕರೆಸಿದ್ದಾಯಿತು. ಅವನು ತಂತಿ ಹಾಕಿ ಕೆದಕಿ, "ಒಡೀಬೇಕು ಅಷ್ಟೇ" ಅಂದ. "ಮೊದ್ಲು ನನ್ ತಲೆ ಒಡಿ" ಎಂದು ಚಿಕ್ಕಪ್ಪ ಅವನನ್ನು ಓಡಿಸಿದರು.

ಆಗ ನನ್ನ ಬುದ್ಧಿವಂತಿಕೆ ಎಚ್ಚರವಾಯಿತು. ಸೋಪಿನ ಮೇಲೆ ಅಚ್ಚು ತೆಗೆದು ಕೀ ಮಾಡಿಸುತ್ತಾರೆಂದು ಎಲ್ಲೋ ಕೇಳಿದ್ದೆ. ಕೀಯನ್ನೇ ಒತ್ತಿ ಅಚ್ಚು ತೆಗೆಯಬೇಕು, ಕೀ ತೂತನ್ನಲ್ಲ ಎಂಬುದು ಹೊಳೆಯಲಿಲ್ಲ. ಚಿಕ್ಕಮ್ಮ ಸೋಪು ಕೊಡಲು ಒಪ್ಪಲಿಲ್ಲ. "ಹೊಸಾ ಮೈಸೋಪು ಕಣಪ್ಪ. ರಾತ್ರಿ ಮುದ್ದೆ ಮಿಕ್ಕೈತೆ, ಅದ್ರಲ್ಲಿ ತೆಕ್ಕೋ" ಅಂದರು. ರಾಗಿ ಮುದ್ದೆಯನ್ನು ತೂತಿಗೆ ಒತ್ತಿ, ಮೂಡಿದ ಅಚ್ಚನ್ನು ಟಿಫಿನ್ ಡಬ್ಬಿಯಲ್ಲಿಟ್ಟು, ಚಿಕ್ಕಪ್ಪನನ್ನು ಬೈಕಿನ ಹಿಂದೆ ಕೂರಿಸಿಕೊಂಡೆ. ಹೊರಡುವಾಗ ಅವರು ಅಡುಗೆಮನೆಯ ಕಡೆಗೆ ತಿರುಗಿ, ಊರಿಗೆಲ್ಲ ಕೇಳುವಂತೆ ಕೂಗಿದರು: "ನಾವು ಬರೋದು ಸಂಜೆ ಆಗುತ್ತೆ ಕಣೇ! ಸಂಜೆ!"

ಮುಳಬಾಗಿಲಿನ ಕೀ ಅಂಗಡಿಯವನು ಡಬ್ಬಿಯ ಮುಚ್ಚಳ ತೆಗೆದು, "ಸಾರು ತರ್ಲಿಲ್ವಾ ಸಾರ್?" ಅಂದ. ಅಲ್ಲಿಂದ ಮನೆಗೆ ಹಿಂದಿರುಗೋಣವೆಂದರೆ ಚಿಕ್ಕಪ್ಪ ಕೇಳಬೇಕಲ್ಲ! "ಮಾಲೂರಿಗೆ ನಡಿ, ಅಲ್ಲಿ ಒಳ್ಳೇ ಕೆಲಸದವರಿದ್ದಾರೆ" ಎಂದರು. ಯಾರೆಂದು ಕೇಳಿದರೆ ಹೆಸರು ಗೊತ್ತಿಲ್ಲ. ನರಸಾಪುರದ ಹತ್ತಿರ ಕಾರ್ಖಾನೆಗಳ ಶಿಫ್ಟು ಬಿಡುವ ಹೊತ್ತು. ಕಂಪನಿ ಬಸ್ಸುಗಳ ಹಿಂದೆ ಹೊಗೆ ಕುಡಿಯುತ್ತಾ ಆಮೆಯಂತೆ ಹೋದೆವು. ಮಾಲೂರಿನಲ್ಲಿ ಅಂಗಡಿ ಅಂಗಡಿಗೂ ಡಬ್ಬಿ ತೆರೆದು ತೋರಿಸಿ ನಗೆಪಾಟಲಾದೆವು. ಚಿಕ್ಕಪ್ಪ ಮಾತ್ರ ನಿಧಾನವಾಗಿ ಊಟ ಮಾಡಿದರು, ಕಾಫಿ ಕುಡಿದರು, ಒಂದು ಮರದ ಕೆಳಗೆ ಟವೆಲ್ ಹಾಸಿ ನಿದ್ದೆಯನ್ನೂ ಹೊಡೆದರು. ಮರ್ಯಾದೆ ಅವರದು, ಕಳವಳ ನನ್ನದು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ವಾಪಸ್ ಬರುವಾಗ ಕೋಲಾರದಲ್ಲಿ ಒಬ್ಬ ಮುದುಕ ಭಾಯ್, ಬಿರುಕು ಬಿಟ್ಟ ನಮ್ಮ ಮುದ್ದೆಯನ್ನು ನೋಡಿ ನಗಾಡಿ, ಡಬ್ಬದಿಂದ ಹಳೇ ದಪ್ಪ ಹಿತ್ತಾಳೆ ಕೀ ಒಂದನ್ನು ಹುಡುಕಿ ತೆಗೆದರು. ನಾಲ್ಕು ಸಲ ಅರ ಎಳೆದು, "ತಗೊಂಡೋಗಿ, ದೇವ್ರಿದ್ದಾನೆ" ಅಂದರು.

ಮನೆ ಸೇರಿದಾಗ ಸಂಜೆ. ಚಿಕ್ಕಪ್ಪ ಕೈಕಾಲು ತೊಳೆಯಲು ಹಿತ್ತಲಿಗೆ ಹೋದರು. ನಾನು ಅಡುಗೆಮನೆಗೆ ಹೋದರೆ ಅಲ್ಲಿ ಚಿಕ್ಕಮ್ಮ, ಬುಟ್ಟಿ ತುಂಬ ಬಾದಾಮಿ ಹಣ್ಣು ಒರೆಸುತ್ತಾ ಕೂತಿದ್ದಾರೆ!

"ಎಲ್ಲಿಂದ ಬಂತು ಚಿಕ್ಕಮ್ಮ?"

"ಶ್! ಮೆಲ್ಲಗೆ ಮಾತಾಡು. ಬಾಗ್ಲಿನ ಎರಡು ಕೀಲುಗಳಿಗೂ ಹೊರಗಡೆಯಿಂದ ಒಂದೊಂದು ಕಡ್ಡಿ ಐತಲ್ಲಪ್ಪ, ಅವೆರಡೂ ಎಳೆದ್ರೆ ಬಾಗ್ಲು ಆ ಕಡೆಯಿಂದ ಈಚೆ ಬರುತ್ತೆ. ಪ್ರತಿ ವರ್ಷಾ ಹಂಗೇ ತೆಗೀತೀನಿ. ಪಕ್ಕದ ಮನೆ ಮಕ್ಕಳಿಗೆ ಒಂದು ಹಣ್ಣು ಕೊಡ್ಬೇಕಂದ್ರೆ ನಿಮ್ಮ ಚಿಕ್ಕಪ್ಪನ್ನ ಕಾಯಕ್ಕಾಗುತ್ತಾ? ಒಳ್ಳೇ ಹಿತ್ತಾಳೆ ಕಣೋ, ಇಷ್ಟು ವರ್ಷ ಆದ್ರೂ ಬೆಣ್ಣೇಲಿ ಕೂದಲು ಎಳೆದಂಗೆ ಬರುತ್ತೆ." ಆಮೇಲೆ ನನ್ನ ಕೈ ಹಿಡಿದುಕೊಂಡರು. "ಅವ್ರಿಗೆ ಹೇಳ್ಬೇಡಪ್ಪ. ಆ ಕೀ ಅಂದ್ರೆ ಅವ್ರಿಗೆ ಪ್ರಾಣ. ಪಾಪ, ಕುಗ್ಗೋಗ್ತಾರೆ."

ಅಯ್ಯೋ ನನ್ನ ಕರ್ಮವೇ! ನಾಲ್ಕು ತಾಲ್ಲೂಕು ಸುತ್ತಿದ ಬೆನ್ನು ಇನ್ನೂ ನೋಯುತ್ತಿತ್ತು. ಚಿಕ್ಕಪ್ಪ ಬಂದು ಹೊಸ ಕೀ ಹಾಕಿದರು. ತಿರುಗಲಿಲ್ಲ. ತಲೆಕೆಳಗು ಮಾಡಿ ಹಾಕಿ ಒಂದು ಒದೆ ಕೊಟ್ಟಾಗ ಬಾಗಿಲು ತೆರೆಯಿತು! ಒಳಗೆ ಹುಲ್ಲು ಮಗುಚಿತ್ತು, ಒಂದು ಮೂಲೆಯೇ ಬರಿದಾಗಿತ್ತು. ಅವರು ಅದನ್ನು ನೋಡಿದರೋ ಇಲ್ಲವೋ, "ನೋಡ್ದಾ, ಬೋಟು ಬಾಗಿಲಂದ್ರೆ ಹಣ್ಣು ಕೆಡಲ್ಲ" ಎಂದು ಮೀಸೆ ತಿರುವಿದರು. ಚಿಕ್ಕಮ್ಮ ಬಾಗಿಲ ಬಳಿ ನಿಂತು, "ನೀವಿಲ್ದಿದ್ರೆ ಏನ್ ಗತಿಯಾಗ್ತಿತ್ತು!" ಅಂದರು. ಇಂಥ ನಟನೆ ಯಾವ ನಾಟಕದಲ್ಲೂ ನೋಡಿಲ್ಲ.

ಆ ಕೀ ಇಷ್ಟು ವರ್ಷ ಬಾಳಿ, ಹೋದ ತಿಂಗಳು ಬೀಗದಲ್ಲೇ ತುಂಡಾಯಿತು. "ಊಟ ಸೇರ್ತಿಲ್ಲ ಕಣೋ ಅವ್ರಿಗೆ. ಕೈ ಸೊಂಟಕ್ಕೇ ಹೋಗುತ್ತೆ. ಹೆಂಗಾದ್ರೂ ಒಂದು ಮಾಡಿಸ್ಕೊಂಡ್ ಬಾ" ಎಂದು ಚಿಕ್ಕಮ್ಮ ಫೋನಿನಲ್ಲಿ ಗೋಗರೆದು, ತುಂಡುಗಳನ್ನು ಯಾರದೋ ಕೈಲಿ ಕಳಿಸಿದರು. ಅದಕ್ಕೇ ನಾನು ಮತ್ತೆ ಕೋಲಾರದ ಗಾಡಿಯ ಮುಂದೆ ನಿಂತದ್ದು.

ಹೊಸ ಕೀ ಹಿಡಿದು ಭಾನುವಾರ ಊರಿಗೆ ಹೋದೆ. ಮಂಡಿನೋವಿನಿಂದ ಚಿಕ್ಕಪ್ಪ ಜಗಲಿಯ ಮಂಚ ಬಿಟ್ಟು ಹೆಚ್ಚು ಓಡಾಡುವುದಿಲ್ಲ. ಕೀಯನ್ನು ಉಡಿದಾರಕ್ಕೆ ಕಟ್ಟಿಕೊಂಡು, ಮೇಲೊಮ್ಮೆ ತಟ್ಟಿ ನೋಡಿಕೊಂಡರು. ಮುಖ ಅರಳಿತು. ಆಮೇಲೆ ಅಡುಗೆಮನೆಯ ಕಡೆ ಕಣ್ಣು ಹಾಯಿಸಿ, ಹಾಸಿಗೆಯ ಅಡಿಯಿಂದ ಹರಳೆಣ್ಣೆಯ ಚಿಕ್ಕ ಸೀಸೆ ತೆಗೆದು ನನ್ನ ಕೈಯಲ್ಲಿಟ್ಟರು.

"ಹಂಗೇ ಆ ಬಾಗ್ಲಿನ ಕೀಲುಗಳಿಗೆ ಒಂದೊಂದು ಹನಿ ಬಿಟ್ಬಿಡೋ. ಕೆಳಗಡೇದಕ್ಕೆ ನಂಗೀಗ ಬಗ್ಗಕ್ಕಾಗಲ್ಲ."

"ಯಾಕೆ ಚಿಕ್ಕಪ್ಪ, ಬಾಗಿಲು ಸದ್ದು ಮಾಡುತ್ತಾ?"

"ಬಾಗ್ಲಿಗೇನಾಗೈತೆ? ಕಡ್ಡಿ ಬಿಗಿಯಾದ್ರೆ ಅವಳ ಕೈ ನೋಯುತ್ತೆ" ಅಂದರು. "ಅವಳಿಗೆ ಹೇಳ್ಬೇಡ. ನಂಗೊತ್ತಿಲ್ಲ ಅಂದ್ಕೊಂಡು ಖುಷಿಯಾಗವಳೆ."

ಸಂಜೆ ಎಂದು ಊರಿಗೆಲ್ಲ ಕೇಳುವಂತೆ ಅಂದು ಯಾಕೆ ಕೂಗಿದರು, ಮಾಲೂರಿನ ಮರದ ಕೆಳಗೆ ಯಾಕೆ ಅಷ್ಟು ಹೊತ್ತು ಮಲಗಿದರು ಎಂಬುದು ನನ್ನ ದಪ್ಪ ತಲೆಗೆ ಆಗ ಹೊಳೆಯಿತು. ಸೀಸೆ ಹಿಡಿದು ಹೋಗಿ, ವಾಡಿಕೆಯಂತೆ ಹಣೆ ಜಜ್ಜಿಸಿಕೊಂಡು, ಕೆಳಗಿನ ಕೀಲಿನ ಮುಂದೆ ಕುಕ್ಕರಗಾಲಲ್ಲಿ ಕೂತೆ.

"ಏನೋ ಮಾಡ್ತಿದ್ದೀಯಾ ಅಲ್ಲಿ?" ಅಡುಗೆಮನೆಯಿಂದ ಚಿಕ್ಕಮ್ಮನ ದನಿ ಬಂತು.

"ಏನಿಲ್ಲ ಚಿಕ್ಕಮ್ಮ, ಸುಮ್ನೆ ಬಾಗಿಲು ನೋಡ್ತಿದ್ದೀನಿ" ಎಂದು ಸೀಸೆಯನ್ನು ಅವಸರದಲ್ಲಿ ಜೇಬಿಗೆ ತುರುಕಿಕೊಂಡೆ. ಮುಚ್ಚಳ ಹಾಕುವುದನ್ನು ಮರೆತಿದ್ದೆ.