ಮುನಿವೆಂಕಟಮ್ಮನ ಗುಂಡಿ ಕಕ್ಕಸು

ಹೆಂಗಸರ ಮಡಿಲಲ್ಲಿ ಎಲೆ ಅಡಿಕೆ ಇರುತ್ತದೆ, ಹುರಿಗಾಳು ಇರುತ್ತದೆ. ನಮ್ಮತ್ತೆ ಮುನಿವೆಂಕಟಮ್ಮನ ಮಡಿಲಲ್ಲಿ ಬೂದಿ ಇರುತ್ತಿತ್ತು. ಒಲೆ ಆರಿದ ಮೇಲೆ ಬೂದಿಯನ್ನು ಸೆರಗಿಗೆ ಬಾಚಿಕೊಂಡು ಹಿತ್ತಲಿಗೆ ಹೋಗುವಳು. ಸೀರೆ ಯಾವ ಬಣ್ಣದ್ದಾದರೂ ಹೊಟ್ಟೆಯ ಹತ್ತಿರ ಬೂದಿಯ ಬಣ್ಣವೇ.

ನಮ್ಮದು ಕುಂದಾಣದ ಕಡೆ. ಊರಿನಿಂದ ಆಚೆ, ಹೊಲದಲ್ಲೇ ಮನೆ. ಯುದ್ಧದ ಕಾಲದಲ್ಲಿ ನಮ್ಮತ್ತೆ ಬೆಂಗಳೂರಿನ ಹತ್ತಿರ ದಂಡಿನವರ ಡೇರೆಗಳಲ್ಲಿ ಮಣ್ಣು ಹೊರುವ ಕೂಲಿಗೆ ಹೋಗಿದ್ದಳು. ಸಿಪಾಯಿಗಳು ಗುಂಡಿಯ ಮೇಲೆ ಹಲಗೆ ಹಾಕಿ ಕೂರುವುದನ್ನೂ, ಎದ್ದ ಮೇಲೆ ಮಣ್ಣು ಎಳೆಯುವುದನ್ನೂ ಅಲ್ಲಿ ನೋಡಿದ್ದಳು. ಅದಕ್ಕೂ ಮುಂಚೆ ಅವಳ ಎರಡು ಮಕ್ಕಳು ವಾಂತಿಭೇದಿಯಲ್ಲಿ ಒಂದೇ ವಾರಕ್ಕೆ ಹೋಗಿದ್ದವು. ಉಳಿದವರು ನಮ್ಮ ಯಜಮಾನರೊಬ್ಬರೇ. ಕೂಲಿ ಮುಗಿಸಿ ಬಂದವಳು ಯಾರನ್ನೂ ಕೇಳದೆ ಹಿತ್ತಲಲ್ಲಿ ಸೊಂಟದಾಳದ ಎರಡು ಗುಂಡಿ ತೋಡಿದಳು. ಒಂದಕ್ಕೆ ಹಲಗೆ ಹಾಸಿ ಸುತ್ತ ತಡಿಕೆ ಕಟ್ಟಿದಳು. ಎದ್ದವರು ಬೂದಿ, ಒಣಗಿದ ಹೊಂಗೆ ಎಲೆ ಹಾಕಬೇಕು. ತುಂಬಿದರೆ ಮಣ್ಣು ಮುಚ್ಚಿ ಒಂದು ವರ್ಷ ಬಿಟ್ಟು ಇನ್ನೊಂದನ್ನು ಬಳಸಬೇಕು. ಕೊಳೆತದ್ದು ಹೊಲಕ್ಕೆ ಗೊಬ್ಬರ.

ಊರಿನ ಹೆಂಗಸರು ಬಿಡುತ್ತಾರೆಯೇ? "ಏನ್ ಮುನೆಂಕಟಮ್ಮಾ, ಹೇಲಿಗೂ ಮನೆ ಕಟ್ಟಿದ್ದೀಯಂತೆ. ಗೃಹಪ್ರವೇಶ ಯಾವತ್ತು?"

"ನಿನ್ನೇ ಮೊದ್ಲು ಕರೀತೀನಿ ಬಾರವ್ವ. ಕೆರೆ ಏರಿ ಹಿಂದೆ ಮುಸುಕು ಹಾಕ್ಕೊಂಡು ಕೂರೋದು ತಪ್ಪುತ್ತೆ."

ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಆ ಹಲಗೆ ಕಿರ್ ಅಂದರೆ ಜೀವ ಹೋಗುತ್ತಿತ್ತು. ಮುರಿದು ಬಿದ್ದೆ ಅಂತಲೇ ಲೆಕ್ಕ. ಚಿಟಿಕೆ ಬೂದಿ ಉದುರಿಸಿ ಓಡಿ ಬರುತ್ತಿದ್ದೆ.

"ಏನೇ, ವಿಭೂತಿ ಇಟ್ಟು ಬಂದ್ಯಾ ಅದಕ್ಕೆ? ಹಿಡಿ ತುಂಬ ಹಾಕೇ! ಅಲ್ಲಿ ಕೂತ ನೊಣ ನಿನ್ ಮುದ್ದೆ ಮೇಲೂ ಕೂರುತ್ತೆ" ಎಂದು ದಿನಾ ಬಯ್ಯುವಳು.

ಮೊದಲ ಗುಂಡಿ ತೆಗೆಯುವ ದಿನ ಯಜಮಾನರು, "ಅದನ್ನ ತೆಗೆಯೋರು ಬೇರೆ ಅವ್ರೆ ಕಣವ್ವ" ಎಂದರು. "ನನ್ ಮನೆ ಹೇಲನ್ನ ಇನ್ನೊಬ್ರ ತಲೆ ಮೇಲೆ ಯಾಕ್ಲಾ ಹೊರಿಸ್ಲಿ?" ಎಂದು ತಾನೇ ಇಳಿದಳು. ಒಂದು ಹಿಡಿ ತಂದು ನನ್ನ ಮೂಗಿಗೆ ಹಿಡಿದಳು. "ಮೂಸು." ಕಣ್ಣು ಮುಚ್ಚಿ ಮೂಸಿದೆ. ಮಣ್ಣು, ಅಷ್ಟೆ.

ನನ್ನ ಮಗುವಿಗೆ ಐದು ತಿಂಗಳಾದಾಗ ಮತ್ತೆ ವಾಂತಿಭೇದಿ ಬಂತು. ಕೆರೆಯ ಆ ಕಡೆಯ ಊರಲ್ಲಿ ಒಂದೊಂದು ಮನೆಯಿಂದ ಎರಡೆರಡು ಹೆಣ. ಜನ ಅದರ ಹೆಸರನ್ನೇ ಎತ್ತುತ್ತಿರಲಿಲ್ಲ. ನಮ್ಮತ್ತೆ ಕಟ್ಟುಪಾಡು ಹಾಕಿದಳು: "ಯಾರಿಗೆ ಹೊಟ್ಟೆ ಕೆಟ್ರೂ ತಕ್ಷಣ ಹೇಳ್ಬೇಕು. ಮನೆ ಗುಂಡಿಗೆ ಹೋಗಂಗಿಲ್ಲ. ಕಣದ ಗುಡಿಸಲಿಗೆ ಹೋಗ್ಬೇಕು. ಅವರದ್ದಕ್ಕೆ ಬೇರೆ ಗುಂಡಿ, ಸುಣ್ಣ. ಮಕ್ಕಳು ಮರಿ ಹತ್ರ ಸುಳೀಬಾರ್ದು."

ನನಗೆ ರೋಗಕ್ಕಿಂತ ಆ ಕೊನೆಯ ಮಾತಿನ ಭಯ. ಮಗು ನನ್ನ ಹಾಲು ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ.

ಒಂದು ಮಧ್ಯಾಹ್ನ ನನಗೆ ಹೊಟ್ಟೆ ಕೆಟ್ಟಿತು. ನೀರಿನ ಹಾಗೆ. ಹೇಳಲಿಲ್ಲ. ಸಂಜೆಯೊಳಗೆ ನಾಲ್ಕು ಸಲ ಮನೆಯ ಗುಂಡಿಗೇ ಹೋದೆ. ಗುರುತು ಸಿಗಬಾರದೆಂದು ಬುಟ್ಟಿಗಟ್ಟಲೆ ಬೂದಿ ಸುರಿದೆ.

ಬೆಳಿಗ್ಗೆ ನಮ್ಮತ್ತೆ ಎಂದಿನಂತೆ ಗುಂಡಿ ನೋಡಲು ಹೋದಳು. ನಾನು ತಡಿಕೆಯ ಈಚೆ ಮಗುವನ್ನು ಅವುಚಿಕೊಂಡು ನಿಂತಿದ್ದೆ. ಅವಳು ಬಗ್ಗಿ, ಬರಿಗೈಯಲ್ಲೇ ಬೂದಿ ಎಳೆದು ಸಮ ಮಾಡಿ, ನಗುತ್ತಾ ಎದ್ದಳು. "ಇವಾಗ ಕಲಿತೆ ನೋಡು. ಹಿಂಗೆ ಹಾಕ್ಬೇಕು." ಅವಳು ನನ್ನನ್ನು ಹೊಗಳಿದ್ದು ಅದೊಂದೇ ಸಲ.

ಆಗಲೂ ನಾನು ಬಾಯಿ ಬಿಡಲಿಲ್ಲ.

ಹೊತ್ತೇರುವಾಗ ಒಲೆಯ ಮುಂದೆ ಬಿದ್ದೆ. ಅವಳೇ ಹೊತ್ತು ಗುಡಿಸಲಿಗೆ ಹಾಕಿದಳು. "ಯಾವಾಗಿಂದ?" ಎಂದಳು. "ಇವತ್ತು ಬೆಳಿಗ್ಗೆಯಿಂದ" ಎಂದೆ. ನನಗೆ ಗುಟುಕು ಗುಟುಕಾಗಿ ಉಪ್ಪಿನ ಗಂಜಿ ಕುಡಿಸಿದಳು. ಬೇಡವೆಂದರೆ ಮೂಗು ಹಿಡಿದಳು. "ಸಾಯೋದಾದ್ರೆ ಕುಡಿದು ಸಾಯಿ. ನಿನ್ ಮಗೂಗೆ ನಾನ್ ಹಾಲ್ ಕೊಡೋಕಾಗಲ್ಲ." ಮನೆಯಲ್ಲಿ ಯಜಮಾನರು ಬಟ್ಟೆಯನ್ನು ಮೇಕೆ ಹಾಲಿನಲ್ಲಿ ಅದ್ದಿ ಮಗುವಿನ ಬಾಯಿಗೆ ಹಿಂಡುತ್ತಿದ್ದರು. ಅದರ ಅಳು ಗುಡಿಸಲಿಗೂ ಕೇಳುತ್ತಿತ್ತು.

ನಾಲ್ಕನೆಯ ದಿನ ನಾನು ಎದ್ದು ಕೂತೆ. ಈಗ ಅತ್ತೆ ಮಲಗಿದ್ದಳು. ಒಂದೇ ರಾತ್ರಿಗೆ ಕಣ್ಣು ಗುಳಿ ಬಿದ್ದು, ಬೆರಳ ತುದಿ ಸುಕ್ಕಾಗಿತ್ತು. ಗಂಜಿ ಕೊಟ್ಟರೆ ಹೊಟ್ಟೆಯಲ್ಲಿ ನಿಲ್ಲಲಿಲ್ಲ.

"ಅತ್ತೆ, ನಾನು ಬೀಳೋ ಹಿಂದಿನ ದಿನವೇ ಶುರುವಾಗಿತ್ತು. ಮನೆ ಗುಂಡಿಗೇ ಹೋಗಿದ್ದೆ" ಎಂದೆ.

ಬಯ್ಯುತ್ತಾಳೆ ಎಂದು ಕಾದೆ.

"ನಿನ್ ಗಂಡ ಇನ್ನೂ ಅಲ್ಲಿಗೇ ಹೋಗ್ತಾವ್ನೇನೇ?"

"ಹೂಂ."

"ಇಲ್ಲೇನ್ ಕೂತಿದ್ದೀಯ ಮತ್ತೆ? ಹೋಗು. ಸುಣ್ಣ ಸುರಿದು ಮುಚ್ಚು. ಅದನ್ನ ಯಾವತ್ತೂ ತೆಗೀಬೇಡಿ."

ಹೋದೆ. ನಿಲ್ಲಲು ತ್ರಾಣವಿರಲಿಲ್ಲ. ಹಲಗೆ ಕಿತ್ತು, ಸುಣ್ಣ ಸುರಿದು, ಕೂತು ಕೂತು ಮಣ್ಣು ಎಳೆದೆ. ಮುಗಿಯುವಾಗ ಹೊತ್ತು ನೆತ್ತಿಗೆ ಬಂದಿತ್ತು. ಗುದ್ದಲಿ ಹಿಡಿದುಕೊಂಡೇ ಗುಡಿಸಲಿಗೆ ಬಂದೆ. ಯಜಮಾನರು ಬಾಗಿಲಲ್ಲಿ ನಿಂತಿದ್ದರು. ಒಳಗೆ ಅತ್ತೆಯ ಮುಖದ ಮೇಲೆ ಸೆರಗು ಎಳೆದಿತ್ತು. ನನ್ನ ಕೈಯಿಂದ ಗುದ್ದಲಿ ತೆಗೆದುಕೊಂಡು ಹೊಲದ ಮೂಲೆಯ ಕಡೆಗೆ ಹೋದರು.