ಹುಡುಗಿ ನೋಡಲು ಹೋದಾಗ ಆಫ್ರಿಕಾ

ನಿನ್ನೆ ನಮ್ಮ ಮುಳಬಾಗಿಲಿನ ಕಾಲೇಜಿಗೆ ಜೀವಶಾಸ್ತ್ರದ ಹೊಸ ಪಠ್ಯಪುಸ್ತಕ ಬಂತು. ಶಾಯಿಯ ವಾಸನೆ ಇನ್ನೂ ಹೋಗಿರಲಿಲ್ಲ. ಮಾನವನ ಉಗಮದ ಪಾಠ ತೆರೆದವನು ಒಂದು ಸಾಲಿನಲ್ಲಿ ಸಿಕ್ಕಿಬಿದ್ದೆ. ಆಫ್ರಿಕಾದಿಂದ ಹೊರಟ ನಮ್ಮ ಪೂರ್ವಜರು ದಾರಿಯಲ್ಲಿ ಸಿಕ್ಕ ಹಳೆಯ ಜನರೊಂದಿಗೆ ಬೆರೆತರಂತೆ. ಬೆರೆತರಂತೆ! ಇದನ್ನು ಇಪ್ಪತ್ತೈದು ವರ್ಷದ ಹಿಂದೆ ಯಾರಾದರೂ ಹೇಳಬಾರದಿತ್ತೇ?

ಆಗ ನಾನು ಹೊಸ ಲೆಕ್ಚರರ್. ಹೊಸ ಲೆಕ್ಚರರಿಗೆ ತಿಳಿಯದ್ದು ಲೋಕದಲ್ಲಿ ಏನೂ ಇರುವುದಿಲ್ಲ, ನೀವೂ ಕಂಡಿರುತ್ತೀರಿ. ಅಮ್ಮ ಮತ್ತು ಸೋದರತ್ತೆಯ ಜೊತೆ ದೇವರಾಯಸಮುದ್ರಕ್ಕೆ ಹುಡುಗಿ ನೋಡಲು ಹೋದೆ. ನಮ್ಮ ಕಡೆ ಗೋತ್ರ ಕೇಳಿದ ಮೇಲೆ ಮೂಲ ಕೇಳುತ್ತಾರೆ. ಅರ್ಧ ಮನೆಗಳು ಯಾವತ್ತೋ ಆಂಧ್ರದ ಕಡೆಯಿಂದ ಬಂದವು. ಹುಡುಗಿಯ ಚಿಕ್ಕಪ್ಪ, ಹೈಸ್ಕೂಲಿನ ಇತಿಹಾಸದ ಮೇಷ್ಟ್ರು, ಕೇಳಿದರು:

"ನಿಮ್ಮೋರ ಮೂಲ ಯಾವ ಕಡೆ?"

"ಆಫ್ರಿಕಾ," ಅಂದೆ.

ಅಮ್ಮ ತಟ್ಟೆ ಕೆಳಗಿಟ್ಟಳು. ಉಪ್ಪಿಟ್ಟು ಚೆನ್ನಾಗಿತ್ತು, ಅದು ಬೇರೆ ಮಾತು.

ಮೇಷ್ಟ್ರು ಬಿಡಲಿಲ್ಲ. ಆಯಾ ಸೀಮೆಯ ಹಳೇ ಜನ ಅಲ್ಲಲ್ಲೇ ಬದಲಾಗುತ್ತಾ ಇಂದಿನ ಮನುಷ್ಯರಾದರು ಎಂಬುದು ಅವರ ವಾದ. "ನಾವು ಎಲ್ಲಿಂದಾನೂ ಬಂದಿಲ್ಲ ಸ್ವಾಮಿ. ಆವನಿ ಬೆಟ್ಟದ ಕೆಳಗೇ ಮನುಷ್ಯರಾದೋರು!" ಎಲ್ಲರೂ ಆಫ್ರಿಕಾದವರೇ, ಇಲ್ಲಿದ್ದವರು ಅಳಿದುಹೋದರು ಎಂದು ನಾನು. "ಲೇ, ಸುಮ್ನಿರೋ," ಎಂದು ಅತ್ತೆ ಚಿವುಟಿದಳು. ನಾನು ಸುಮ್ಮನಿರಲಿಲ್ಲ.

ಕಾಫಿ ತಂದ ಹುಡುಗಿ ನನ್ನ ಮುಖ ನೋಡಿಯೇ ಕೇಳಿದಳು: "ಬಂದೋರು ಇಲ್ಲಿದ್ದೋರ ಜೊತೆ ಸಂಸಾರ ಮಾಡಿರಬೋದಲ್ವಾ?"

ಅವಳ ಕಣ್ಣಲ್ಲಿ ನಗುವಿತ್ತು. ಮದುವೆಯಾದರೆ ಇವಳನ್ನೇ ಅನ್ನುವಷ್ಟು ಇಷ್ಟವಾಗಿಬಿಟ್ಟಳು. ಅದನ್ನು ಹೇಳುವುದು ಬಿಟ್ಟು, "ಖಡಾಖಂಡಿತ ಸಾಧ್ಯವಿಲ್ಲ," ಅಂದೆ.

ವಾರದ ಮೇಲೆ ಅತ್ತೆ ಉತ್ತರ ತಂದಳು. "ಆಫ್ರಿಕಾ ಆದ್ರೂ ಪರವಾಗಿಲ್ಲ ಅಂದ್ಲಂತೆ ಕಣೋ. ಗೊತ್ತಿಲ್ಲ ಅನ್ನೋಕೆ ಬಾಯಿ ಬರದೋರ ಜೊತೆ ಏಗೋಕಾಗಲ್ಲ ಅಂದ್ಲಂತೆ."

ಅವಳನ್ನು ಶ್ರೀನಿವಾಸಪುರದಲ್ಲಿ ಮಾವಿನ ತೋಪಿದ್ದವರ ಮನೆಗೆ ಕೊಟ್ಟರು. ನಾನು ಬಹಳ ದಿನ ಸಂಕಟಪಟ್ಟೆ. ಮಾವಿನಹಣ್ಣು ತಿನ್ನುವುದನ್ನೇನೂ ಬಿಡಲಿಲ್ಲ.

ಇವತ್ತು ಆ ಪಾಠ ಮಾಡಿದೆ. ಮುಂದಿನ ಬೆಂಚಿನ ವಿದ್ಯಾರ್ಥಿನಿ ಎದ್ದು ನಿಂತಳು. "ಸಾರ್, ಬೆರೆತರು ಸರಿ. ಒಬ್ಬರ ಮಾತು ಒಬ್ಬರಿಗೆ ಹೆಂಗೆ ತಿಳೀತು?"

ಉತ್ತರವೊಂದು ಆಗಲೇ ನಾಲಿಗೆಯ ತುದಿಯಲ್ಲಿತ್ತು. ನುಂಗಿಕೊಂಡೆ.

"ಗೊತ್ತಿಲ್ಲ ಕಣಮ್ಮಾ," ಅಂದೆ.

ಅವಳು ನಕ್ಕು ಕುಳಿತಳು. ಇಷ್ಟೇ ಸುಲಭವಿತ್ತು, ನೋಡಿ.